ಬಾಣಂತಿಯಿಂದ ಹತ್ತು ಮೀಟರ್ ದೂರ

ಅಂಟಿನ ಉಂಡೆ ಮರಳಿನ ಮೇಲೆ ಬಿದ್ದರೆ ಒಡೆಯುವುದಿಲ್ಲ. ಒಂದು ಸಲ ಉರುಳಿ, ಅರ್ಧ ಹೂತು, ಅಲ್ಲೇ ನಿಲ್ಲುತ್ತದೆ.

ಇದು ನನಗೆ ಗೊತ್ತಾದದ್ದು ಕಳೆದ ಶನಿವಾರ, ಲಿಂಕನ್‌ಶೈರಿನ ಒಂದು ಕಡಲತೀರದಲ್ಲಿ. ಉಂಡೆ ಬಿದ್ದ ಜಾಗದಿಂದ ಸ್ವಲ್ಪ ಆಚೆ ಒಂದು ಸೀಲ್ ತನ್ನ ಮರಿಯ ಪಕ್ಕ ಮಲಗಿತ್ತು. ಅದು ಉಂಡೆಯನ್ನು ನೋಡಿತು. ಆಮೇಲೆ ಉಂಡೆ ಎಸೆದವರನ್ನು ನೋಡಿತು. ಎಸೆದವರು ನನ್ನ ಅಕ್ಕನ ಅತ್ತೆ.

ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ತುಪ್ಪದಲ್ಲಿ ಹುರಿದ ಅಂಟು. ಹೆತ್ತ ಹೆಂಗಸಿನ ಸೊಂಟ ಗಟ್ಟಿಯಾಗಲೆಂದು ಕಟ್ಟುವ ಉಂಡೆ. ಸೀಲ್‌ಗೆ ಸೊಂಟ ಎಲ್ಲಿರುತ್ತದೆ ಎಂದು ನಾನು ಕೇಳಲಿಲ್ಲ.

“ಬಾಣಂತಿ ನೋಡಾಕ ಯಾರರೆ ಬರಿಗೈಲೆ ಬರ್ತಾರೇನವಾ?” ಎಂದರು ಅವರು, ಕೈ ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಹಳದಿ ಜಾಕೆಟ್ ತೊಟ್ಟ ಒಬ್ಬ ಸ್ವಯಂಸೇವಕರು ನಮ್ಮ ಕಡೆ ನಡೆದು ಬರತೊಡಗಿದರು. ಓಡಲಿಲ್ಲ. ಇಂಗ್ಲೆಂಡಿನಲ್ಲಿ ನಿಜವಾಗಿ ತಪ್ಪು ಮಾಡಿದಾಗ ಯಾರೂ ಓಡಿ ಬರುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತಿದೆ, ನಾನಿಲ್ಲಿ ಮನೆಯ ವಿಷಯ ಬರೆಯುವುದಿಲ್ಲ. ಟ್ರಾಮ್ ಬಗ್ಗೆ ಬರೆಯುತ್ತೇನೆ. ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ಬರೆಯುತ್ತೇನೆ. ಇದನ್ನು ಅಕ್ಕನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. (“ಬರಿ, ವಾಟ್ಸಾಪ್ ಗ್ರೂಪ್‌ನವರೂ ಓದಲಿ” ಎಂದಳು.)

ಅಕ್ಕ ವಿನುತಾ ಡಾಕ್ಟರ್. ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿ ಮನೆ. ಹೋದ ತಿಂಗಳು ಹೆಣ್ಣು ಮಗು ಆಯಿತು. ನಮ್ಮಮ್ಮನ ಮೊಣಕಾಲಿನ ಆಪರೇಷನ್ ಸರಿಯಾಗಿ ಅದೇ ಹೊತ್ತಿಗೆ ಬಿದ್ದದ್ದರಿಂದ ಬಾಣಂತನಕ್ಕೆ ಅತ್ತೆಯೇ ಗದಗದಿಂದ ಬಂದರು. ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು. ಎಣ್ಣೆ ಸ್ನಾನ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಂತೆ, ಸಬ್ಬಸಿಗೆ, ಬೆಳ್ಳುಳ್ಳಿ. ಎಲ್ಲವೂ ಟೈಮ್‌ಟೇಬಲ್ ಪ್ರಕಾರ. ಅಕ್ಕನಿಗೆ ಅದರಲ್ಲಿ ತಕರಾರಿರಲಿಲ್ಲ. ಯಾರೋ ಬೆನ್ನಿಗೆ ಎಣ್ಣೆ ತಿಕ್ಕುತ್ತಾರೆ ಎಂದರೆ ಯಾರಿಗೆ ತಕರಾರು?

ತಕರಾರು ನೋಡಲು ಬರುವವರದು.

ಹಾರ್ಬೋರ್ನ್‌ನಲ್ಲಿ ಪಕ್ಕದಲ್ಲೇ ದೊಡ್ಡ ಆಸ್ಪತ್ರೆ. ಅಲ್ಲಿ ಕೆಲಸ ಮಾಡುವ ಕನ್ನಡದವರು ಬಹಳ. ಅವರ ಮನೆಯ ಹೆಂಗಸರದ್ದೊಂದು ವಾಟ್ಸಾಪ್ ಗುಂಪು. ಬಂದ ವಾರದಲ್ಲೇ ಅತ್ತೆಯನ್ನೂ ಅದಕ್ಕೆ ಸೇರಿಸಿಕೊಂಡರು. ಅಲ್ಲಿಂದ ಶುರು. ಡ್ಯೂಟಿ ಮುಗಿಸಿ ಬರುವವರು, ಡ್ಯೂಟಿಗೆ ಹೋಗುವ ಮುಂಚೆ ಬರುವವರು, ಡ್ಯೂಟಿ ಪಟ್ಟಿಯಲ್ಲಿ ಬದಲಾವಣೆ ಮಾಡಿಸಿಕೊಂಡು ಬರುವವರು. ಎರಡು ವರ್ಷದ ಮಗುವಿಗಾಗುವ ಫ್ರಾಕ್ ತರುತ್ತಾರೆ. ಮಲಗಿದ ಮಗುವನ್ನು ಎತ್ತಿಕೊಳ್ಳುತ್ತಾರೆ. ಹಾಲು ಸಾಕಾಗ್ತಿದೆಯಾ ಎಂದು ಕೇಳುತ್ತಾರೆ. (ಈ ಪ್ರಶ್ನೆಯನ್ನು ಗಂಡಸರ ಮುಂದೆಯೂ ಕೇಳುತ್ತಾರೆ.) ಎಲ್ಲರೂ ಒಳ್ಳೆಯವರು. ತೊಂದರೆ ಇರುವುದೇ ಅಲ್ಲಿ. ಕೆಟ್ಟವರಾದರೆ ಬಾಗಿಲು ಹಾಕಿಕೊಳ್ಳಬಹುದಿತ್ತು.

ಒಬ್ಬರು ಮಾತ್ರ ಒಳಗೆ ಬಂದಿರಲಿಲ್ಲ. ಶಬನಮ್ ಆಪಾ. ರಾಯಚೂರಿನವರು, ರಾತ್ರಿ ಪಾಳಿಯ ನರ್ಸ್. ಮೆಟ್ಟಿಲ ಮೇಲೆ ಸ್ಟೀಲ್ ಡಬ್ಬಿ ಇಟ್ಟು, ಬೆಲ್ ಮಾಡದೆ ಹೋಗುತ್ತಾರೆ. ಆಮೇಲೆ ಒಂದು ಮೆಸೇಜ್: “ಖಿಚಡಿ ಇಟ್ಟಿದೀನಿ. ಎದ್ದಾಗ ನೋಡಿ.” ಗುಂಪಿನಲ್ಲಿ ಅವರಿಗೆ ಸ್ವಲ್ಪ ಬಿಗುಮಾನ ಎಂಬ ಹೆಸರಿದೆ.

ಹೋದ ವಾರ ಅಕ್ಕ ಫೋನ್ ಮಾಡಿದಳು. ನಾನಿರುವುದು ಸಾಲ್ಫರ್ಡ್‌ನಲ್ಲಿ. ಶುಕ್ರವಾರ ಸಂಜೆ ರೈಲು ಹತ್ತಿ ಹೋಗುವುದು, ಭಾನುವಾರ ವಾಪಸ್ ಬರುವುದು, ಮಗು ಹುಟ್ಟಿದಾಗಿನಿಂದ ಇದೇ ಕ್ರಮ.

“ಶನಿವಾರ ಅತ್ತೇನ ಎಲ್ಲಾದ್ರೂ ಕರ್ಕೊಂಡು ಹೋಗ್ತೀಯಾ?”

“ಎಲ್ಲಿಗೆ?”

“ದೂರ.”

“ಎಷ್ಟು ದೂರ?”

“ಸಂಜೆ ಆಗ್ಬೇಕು ಬರೋಷ್ಟೊತ್ತಿಗೆ. ಅವರಿದ್ರೆ ಜನ ಬರ್ತಾರೆ ಕಣೇ. ಅವರಿಲ್ಲ ಅಂದ್ರೆ ಯಾರೂ ಬರಲ್ಲ. ನನಗೆ ಒಂದೇ ಒಂದು ದಿನ ಬೇಕು. ನಾನು, ಪಾಪು, ಹಾಸಿಗೆ. ಬೇರೆ ಏನೂ ಬೇಡ.” ದನಿ ತಗ್ಗಿಸಿದಳು. “ನಿನ್ನೆ ಅವಳಿಗೆ ಹಾಲು ಕುಡಿಸ್ತಾ ಅತ್ತುಬಿಟ್ಟೆ. ಯಾಕೆ ಅಂತ ಗೊತ್ತಿಲ್ಲ. ಮುಂದುಗಡೆ ಮೂರು ಜನ ಕೂತಿದ್ರು.”

ಅಕ್ಕ ಅಳುವವಳಲ್ಲ. ನಮ್ಮ ಮನೆಯಲ್ಲಿ ಯಾರೂ ಅಳುವುದಿಲ್ಲ, ನಮಗೆ ಅದರ ಅಭ್ಯಾಸವಿಲ್ಲ. ನಾನು ತಕ್ಷಣ ನಕ್ಷೆ ತೆಗೆದು, ಹಾರ್ಬೋರ್ನ್‌ನಿಂದ ಮೂರು ಗಂಟೆ ದೂರ ಇರುವ, ಕೆಫೆ ಇಲ್ಲದ, ನೆಟ್‌ವರ್ಕ್ ಸರಿಯಾಗಿ ಸಿಗದ ಜಾಗ ಯಾವುದೆಂದು ಹುಡುಕಿದೆ. ಚಳಿಗಾಲದ ಶುರುವಿನಲ್ಲಿ ಸೀಲ್‌ಗಳು ಮರಿ ಹಾಕಲು ದಡಕ್ಕೆ ಬರುವ ಒಂದು ತೀರ ಸಿಕ್ಕಿತು. ಮಗು ಹೆತ್ತವಳನ್ನು ಮನೆಯಲ್ಲಿ ಬಿಟ್ಟು ಅಷ್ಟು ದೂರ ಹೋಗಿ ನೋಡುವುದೂ ಹೆತ್ತವರನ್ನೇ ಎಂಬುದು ಆಗ ಹೊಳೆದಿರಲಿಲ್ಲ.

ಕಾರಣವನ್ನು ಅತ್ತೆಗೆ ಹೇಳಲಿಲ್ಲ. “ನೀವು ಬಂದಾಗಿನಿಂದ ಏನೂ ನೋಡಿಲ್ಲವಲ್ಲ” ಎಂದೆ. ಅದು ಸುಳ್ಳಲ್ಲ. ಅವರು ನೋಡಿದ್ದು ಅಡುಗೆಮನೆ, ಬಚ್ಚಲು, ಬಂದವರು.

ಶನಿವಾರ ಬೆಳಿಗ್ಗೆ ಬಾವ ಆಸ್ಪತ್ರೆಗೆ ಹೋದರು. ವೀಕೆಂಡ್ ಡ್ಯೂಟಿ. ನಾವು ಅಕ್ಕನ ಕಾರು ತೆಗೆದುಕೊಂಡು ಹೊರಟೆವು. ಅತ್ತೆ ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡಿದ್ದರು. ಒಂದು ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಫ್ಲಾಸ್ಕ್, ಉಂಡೆ ಡಬ್ಬಿ. ಹತ್ತುವ ಮುಂಚೆ ನನ್ನ ಎರಡೂ ಕಿವಿಗೆ ಹತ್ತಿ ತುರುಕಿದರು.

“ನಾನು ಹೆತ್ತಿಲ್ಲ ಅತ್ತೆ.”

“ಗಾಳಿಗೇನ್ ಗೊತ್ತಾಕ್ಕೈತಿ ಅದು?”

ಹೀಗಾಗಿ ದಾರಿಯುದ್ದಕ್ಕೂ ಎಲ್ಲಿ ತಿರುಗಬೇಕೆಂದು ಸ್ಯಾಟ್‌ನ್ಯಾವ್ ಹೇಳಿದ್ದು ನನಗೆ ಅರ್ಧ ಕೇಳಿಸಲಿಲ್ಲ.

ತೀರ ಎಂದರೆ ನೀವು ಊಹಿಸಿಕೊಳ್ಳುವ ತೀರ ಅಲ್ಲ. ಸಮುದ್ರ ಎಲ್ಲೋ ಆಚೆ, ಬೂದು ಬಣ್ಣದ ಒಂದು ಗೆರೆ. ನಡುವೆ ಕೆಸರು, ಮರಳು, ನೀರು ನಿಂತ ಹಳ್ಳಗಳು. ಮರಳದಿಬ್ಬಗಳ ಕೆಳಗೆ ಉದ್ದಕ್ಕೂ ಮರದ ಬೇಲಿ. ಬೇಲಿಯಾಚೆ ಸೀಲ್‌ಗಳು, ಯಾರೋ ತಂದು ಸುರಿದು ಹೋದ ಮೂಟೆಗಳ ಹಾಗೆ. ಪಕ್ಕದಲ್ಲಿ ಬಿಳಿ ರೋಮದ ಮರಿಗಳು. ಮರಿಗಳ ಕೂಗು ಮನುಷ್ಯ ಶಿಶುವಿನ ಅಳುವಿನಂತೆಯೇ ಇರುತ್ತದೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ.

ಅತ್ತೆ ತಮ್ಮ ಕಿವಿಯ ಹತ್ತಿ ತೆಗೆದರು. ಕೇಳಿಸಿಕೊಂಡರು. “ಹಸದೈತಿ” ಎಂದರು.

ಹಳದಿ ಜಾಕೆಟ್‌ನವರು ಬಂದವರಿಗೆಲ್ಲ ನಿಯಮ ಹೇಳುತ್ತಿದ್ದರು. ನಾನು ಕನ್ನಡಕ್ಕೆ ಮಾಡಿ ಹೇಳಿದೆ. ಹತ್ತು ಮೀಟರ್ ದೂರ ಇರಬೇಕು. ಬೇಲಿಯಾಚೆ ಕೈ ಚಾಚಬಾರದು. ತಾಯಿಗೂ ಮರಿಗೂ ನಡುವೆ ಬರಬಾರದು. ಒಂಟಿ ಮರಿ ಕಂಡರೆ ಅನಾಥ ಎಂದುಕೊಳ್ಳಬಾರದು. ಜನ ತೀರಾ ಹತ್ತಿರ ಬಂದರೆ ತಾಯಿ ಗಾಬರಿಯಾಗಿ ಮರಿಯನ್ನು ಬಿಟ್ಟು ಸಮುದ್ರಕ್ಕೆ ಹೋಗಿಬಿಡಬಹುದು. ಕೆಲವು ಸಲ ವಾಪಸ್ ಬರುವುದೇ ಇಲ್ಲ. ಸೀಲ್ ತಾನಾಗಿ ಬೇಲಿಯ ಹತ್ತಿರ ಬಂದು ಮಲಗಿದ್ದರೆ ನಾವೇ ಹಿಂದೆ ಸರಿಯಬೇಕು.

“ಹಡದು ಎಷ್ಟ್ ದಿನಾ ಆತಂತ ಕೇಳು” ಎಂದರು ಅತ್ತೆ, ಹತ್ತಿರದ ಒಂದನ್ನು ತೋರಿಸಿ. ಕೇಳಿದೆ. ನಿನ್ನೆ ಎಂದರು ಸ್ವಯಂಸೇವಕರು. ಅತ್ತೆಯ ಮುಖ ಬದಲಾಯಿತು. ಸ್ವಲ್ಪ ಆಚೆ ಬಿದ್ದಿದ್ದ ಒಂದು ಭಾರಿ ಕಪ್ಪು ಸೀಲ್‌ನತ್ತ ಬೆರಳು ಮಾಡಿದರು.

“ಅದ್ಯಾರು?”

“ಅದು ಗಂಡು.”

“ಏನ್ ಮಾಡಾಕತ್ತೈತಿ?”

“ಏನೂ ಇಲ್ಲ.”

“ಹೂಂ.” ಅಷ್ಟೇ ಅಂದರು. (ಬಾವನ ಬಗ್ಗೆ ನಾನು ಏನನ್ನೂ ಸೂಚಿಸುತ್ತಿಲ್ಲ.)

“ಆಕಿಗೆ ಉಣ್ಣಾಕ ಯಾರ್ ಕೊಡ್ತಾರ?”

ಯಾರೂ ಕೊಡುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆಗೆದಾಗಿತ್ತು. ಮುಂದಿನದು ನಿಮಗೆ ಗೊತ್ತು. ಪಿ.ಟಿ. ಟೀಚರ್ ಎಸೆತ, ಗುರಿ ತಪ್ಪಲಿಲ್ಲ. ಸೀಲ್ ಮೂಸಲಿಲ್ಲ. ಒಂದು ಸೀಗಲ್ ಹಕ್ಕಿ ಇಳಿದು ಉಂಡೆಯನ್ನು ಎತ್ತಿಕೊಂಡು ಹೋಯಿತು. ಅದರ ಸೊಂಟ ಈಗ ಗಟ್ಟಿಯಾಗಿರಬೇಕು.

ಹಳದಿ ಜಾಕೆಟ್‌ನವರು ಬಂದು ಬಹಳ ಮರ್ಯಾದೆಯಿಂದ ಬೈದರು. ಮರಿಗೆ ಹಾಲುಣಿಸುವ ಮೂರು ವಾರ ತಾಯಿ ಏನನ್ನೂ ತಿನ್ನುವುದಿಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ಬದುಕುತ್ತದೆ, ದಯವಿಟ್ಟು ಏನನ್ನೂ ಎಸೆಯಬೇಡಿ. ನಾನು ಕ್ಷಮೆ ಕೇಳಿ, ಅತ್ತೆಗೆ ತಿಳಿಸಿದೆ.

“ಮೂರ್ ವಾರಾ?” ಅತ್ತೆ ಸೀಲನ್ನು ಗೌರವದಿಂದ ನೋಡಿದರು. “ಇಷ್ಟ್ ಕಡಕ್ ಪಥ್ಯಾ ನಮ್ಮವ್ವನೂ ಮಾಡಿಸಿದ್ದಿಲ್ಲ ನನಗ.”

ಆಮೇಲೆ ಆಗಬಾರದ್ದು ಆಯಿತು. ಅವರಿಗೆ ಮನೆ ನೆನಪಾಯಿತು. “ಇಲ್ಲಿ ನಿಂತು ಮಂದಿ ಬಾಣಂತೇರನ್ನ ನೋಡಾಕತ್ತೀನಿ, ಅಲ್ಲಿ ನಮ್ಮಾಕಿ ಒಬ್ಬಾಕೀನ ಅದಾಳ. ನಡಿ, ಹೋಗೂಣು.”

ಇನ್ನೂ ಮಧ್ಯಾಹ್ನ ಸಹ ಆಗಿರಲಿಲ್ಲ. ಈಗ ಹೊರಟರೆ ಅಕ್ಕನಿಗೆ ಸಿಗುವುದು ಅರ್ಧ ದಿನ. ನಾನು ಇನ್ನೊಂದು ಕಡೆಯಿಂದ ಚೆನ್ನಾಗಿ ಕಾಣುತ್ತದೆ ಎಂದೆ. ರೊಟ್ಟಿ ತಿನ್ನೋಣ ಎಂದೆ. ಚಹಾ ಕುಡಿಯೋಣ ಎಂದೆ. ನಡುನಡುವೆ ಫೋನ್ ನೋಡಿದೆ. ಅಕ್ಕನಿಂದ ಒಂದೂ ಮೆಸೇಜ್ ಇಲ್ಲ. ಮೆಸೇಜ್ ಇಲ್ಲವೆಂದರೆ ಮಲಗಿದ್ದಾಳೆ ಎಂದು ತೀರ್ಮಾನಿಸಿದೆ. ವಿದ್ಯಾವಂತರು ತೀರ್ಮಾನಕ್ಕೆ ಬರುವುದೇ ಹೀಗೆ.

ರೊಟ್ಟಿ ಮುಗಿಸಿ ಏಳುವಾಗ ಬೇಲಿಯ ಬಳಿ ಜನ ಸೇರಿದ್ದರು. ಆ ನಿನ್ನೆ ಹೆತ್ತ ಸೀಲ್ ಈಗ ಮರಿಯೊಂದಿಗೆ ಬೇಲಿಯ ಹತ್ತಿರಕ್ಕೇ ಸರಿದು ಬಂದಿತ್ತು. ಹಳದಿ ಜಾಕೆಟ್‌ನವರು ದೂರದ ತುದಿಯಲ್ಲಿ ಬೇರೆಯವರಿಗೆ ನಿಯಮ ಹೇಳುತ್ತಿದ್ದರು. ಇಲ್ಲಿ ಜನ ಮೂರು ಸಾಲಾಗಿ ಒತ್ತಿಕೊಂಡು ನಿಂತಿದ್ದರು. ಒಬ್ಬ ಕೋಲಿಗೆ ಫೋನ್ ಸಿಕ್ಕಿಸಿ ಬೇಲಿಯಾಚೆ ಮರಿಯ ಮೇಲಕ್ಕೆ ಚಾಚಿದ್ದ. ತಾಯಿ ಹಾಲು ಕುಡಿಸುವುದನ್ನು ಬಿಟ್ಟು ತಲೆಯೆತ್ತಿ ಬುಸುಗುಟ್ಟಿತು. ಜನ ‘ಆ’ ಎಂದು ಇನ್ನಷ್ಟು ಹತ್ತಿರ ಬಂದರು. ತಾಯಿ ತಿರುಗಿ, ಹೊಟ್ಟೆ ಎಳೆದುಕೊಂಡು, ಸಮುದ್ರದ ಕಡೆ ಹೊರಟಿತು. ಮರಿ ಅಲ್ಲೇ ಉಳಿದು ಕೂಗತೊಡಗಿತು.

ನಾನು ಏನಾದರೂ ಹೇಳಬೇಕೆಂದುಕೊಂಡೆ. ‘ಎಕ್ಸ್‌ಕ್ಯೂಸ್ ಮಿ’ಯಿಂದ ಶುರುಮಾಡುವುದೋ ‘ಸಾರಿ’ಯಿಂದ ಶುರುಮಾಡುವುದೋ ಎಂದು ಯೋಚಿಸುತ್ತಿದ್ದೆ.

“ಒನ್ ಸ್ಟೆಪ್ ಬ್ಯಾಕ್.”

ಕೂಗಲಿಲ್ಲ ಅವರು. ಆ ದನಿ ಕೂಗು ಅಲ್ಲ. ಶಾಲೆಯ ಮೈದಾನದ ಆ ತುದಿಯಲ್ಲಿ ನಿಂತವಳ ಬೆನ್ನೂ ನೆಟ್ಟಗಾಗುವ ದನಿ ಅದು. ಎಲ್ಲರೂ ತಿರುಗಿದರು. ಸೀರೆ, ಗಂಡಸಿನ ಜಾಕೆಟ್, ತಲೆಗೆ ಮಫ್ಲರ್, ಎರಡೂ ತೋಳು ಅಡ್ಡ ಚಾಚಿ ನಿಂತ ಹೆಂಗಸು.

“ಲೈನ್. ಆಲ್. ಒನ್ ಸ್ಟೆಪ್ ಬ್ಯಾಕ್. ಒನ್ ಮೋರ್.”

ಇಂಗ್ಲೆಂಡಿನ ಜನಕ್ಕೆ ಸಾಲು ಎಂದರೆ ಸಾಕು, ಯಾಕೆ ಎಂದು ಕೇಳುವುದಿಲ್ಲ. ಮೂವತ್ತು ಜನ ಸಾಲಾಗಿ ಹಿಂದೆ ಸರಿದರು. ಕೋಲಿನವನು ಕೋಲು ಮಡಚಿದ. “ಮಾತಾಡಬ್ಯಾಡ್ರಿ” ಎಂದು ಅತ್ತೆ ಕನ್ನಡದಲ್ಲೇ ಹೇಳಿದರು. ಯಾರೂ ಮಾತಾಡಲಿಲ್ಲ.

ನಾವೆಲ್ಲ ಹಾಗೆಯೇ ನಿಂತಿದ್ದೆವು. ತಾಯಿ ನೀರು ನಿಂತ ಒಂದು ಹಳ್ಳದ ಅಂಚಿನಲ್ಲಿ ತಡೆಯಿತು. ಮರಿ ಕೂಗುತ್ತಲೇ ಇತ್ತು. ತುಂಬಾ ಹೊತ್ತು ಏನೂ ಆಗಲಿಲ್ಲ. ನಂತರ ಅದು ತಿರುಗಿತು. ಬಂತು. ಮರಿಯನ್ನು ಮೂಸಿತು, ಪಕ್ಕಕ್ಕೆ ಹೊರಳಿ ಹಾಲು ಕೊಟ್ಟಿತು.

ಓಡಿ ಬಂದಿದ್ದ ಹಳದಿ ಜಾಕೆಟ್‌ನವರು (ಈ ಸಲ ಓಡಿದ್ದರು) ಅತ್ತೆಗೆ ಥ್ಯಾಂಕ್ಸ್ ಹೇಳಿದರು. ಪ್ರತಿ ವಾರಾಂತ್ಯ ಬರಲಾಗುತ್ತದೆಯೇ ಎಂದೂ ಕೇಳಿದರು. ಅತ್ತೆ ಸೀಲನ್ನೇ ನೋಡುತ್ತಿದ್ದರು.

ಕಾರು ಹತ್ತಿದ ಮೇಲೆ ಕೇಳಿದರು, “ನಮ್ಮ ಮನಿಗೆ ಬರಾವ್ರೂ ಹಿಂಗ ನಿಂತಿರ್ತಾರಲ್ಲ?”

“ಹೂಂ.”

“ಆಕಿ ಒಮ್ಮೆರೆ ನನಗ ಅಂದಿಲ್ಲ.”

“ಹೇಗೆ ಹೇಳ್ತಾಳೆ ಅತ್ತೆ? ಬಂದವರಿಗೆ ನೀವೇ ಅಷ್ಟು ಪ್ರೀತಿಯಿಂದ ಚಹಾ ಕೊಡ್ತೀರಿ.” ಆಮೇಲೆ, ಇಷ್ಟು ದೂರ ಬಂದಾಗಿದೆ ಎಂದು, ಇವತ್ತು ನಾವು ಇಲ್ಲಿಗೆ ಬಂದದ್ದು ಯಾಕೆ ಎಂಬುದನ್ನೂ ಹೇಳಿಬಿಟ್ಟೆ. ಹಾಲು ಕುಡಿಸುತ್ತ ಅತ್ತದ್ದನ್ನೂ.

ಲಿಂಕನ್ ಊರು ಬರುವವರೆಗೆ ಅವರು ಫ್ಲಾಸ್ಕಿನ ಮುಚ್ಚಳ ತಿರುವಿ ತೆಗೆಯುತ್ತ, ಮತ್ತೆ ಹಾಕುತ್ತ ಕುಳಿತಿದ್ದರು. ಸಿಟ್ಟು ಬಂದಿರಬೇಕು ಎಂದುಕೊಂಡೆ.

“ಒಂದ್ ಕೆಲಸಾ ಆಗೇತಿ” ಎಂದರು ಕಡೆಗೆ. “ನಿನ್ನಿ ರಾತ್ರಿ ಗ್ರೂಪಿಗೆ ಮೆಸೇಜ್ ಹಾಕೀನಿ.”

“ಏನಂತ?”

“ನಾಳಿ ನಾ ಇರಂಗಿಲ್ಲ, ಸೊಸಿ ಒಬ್ಬಾಕೀನ ಇರ್ತಾಳ, ಬಿಡುವಿದ್ದಾವ್ರು ಹೋಗಿ ನೋಡ್ಕೊಂಡ ಬರ್ರಿ ಅಂತ.”

ಹಾರ್ಬೋರ್ನ್‌ನಲ್ಲಿ ಇಂಥ ಮೆಸೇಜ್ ಹಾಕಿದರೆ ಬಿಡುವಿಲ್ಲದವರೂ ಹೋಗುತ್ತಾರೆ.

ತಪ್ಪು ಯಾರದು? ಅವರು ಕಾಳಜಿಯಿಂದ ಹಾಕಿದರು. ನಾವು ಮರ್ಯಾದೆಯಿಂದ ಮುಚ್ಚಿಟ್ಟೆವು. ಒಂದು ದಿನ ಆಕೆಯನ್ನು ಆಕೆಯ ಪಾಡಿಗೆ ಬಿಡೋಣ ಎಂದು ಅಡುಗೆಮನೆಯಲ್ಲಿ ನಿಂತು ಹೇಳಿದ್ದರೆ ಮುಗಿಯುತ್ತಿತ್ತು. ಅದನ್ನು ಹೇಳಲು ನನಗೆ ಮೂರು ಗಂಟೆ ದಾರಿಯೂ ಒಂದು ಸೀಲೂ ಬೇಕಾದವು.

“ಫೋನ್ ಮಾಡಲಾ?” ಎಂದೆ.

“ಬ್ಯಾಡ. ಮಲಗಿದ್ರ ಎಚ್ಚರಾಕ್ಕಾಳ.” ಸ್ಪೀಡಿನ ಮುಳ್ಳಿನತ್ತ ಬಗ್ಗಿ ನೋಡಿ, “ಇನ್ನ ಸ್ವಲ್ಪ ಜೋರಾಗಿ ಹೊಡಿಯಾಕ ಬರಂಗಿಲ್ಲೇನು?” ಎಂದರು. ನಾನು ಸ್ಪೀಡ್ ಲಿಮಿಟ್ ಮೀರುವವಳಲ್ಲ. ಅಂದು ಎಷ್ಟರಲ್ಲಿ ಹೋದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹಾರ್ಬೋರ್ನ್ ತಲುಪಿದಾಗ ಕತ್ತಲಾಗಿತ್ತು. ಮನೆಯ ಬಾಗಿಲೊಳಗೆ ಶೂಗಳ ರಾಶಿ. ಬಾಗಿಲ ಹೊರಗೆ, ಗೋಡೆಗೆ ಒತ್ತಿ ಇಟ್ಟ ಒಂದು ಸ್ಟೀಲ್ ಡಬ್ಬಿ.

ಅಕ್ಕ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ತಲೆ ಬಾಚಿರಲಿಲ್ಲ. “ನಾಲ್ಕನೇ ಸಲ ಇಡ್ತಿರೋದು” ಎಂದಳು, ನಗುತ್ತ. ಆ ನಗು ನನಗೆ ಗೊತ್ತು. ಕಣ್ಣೀರಿಗಿಂತ ಒಂದು ಹೆಜ್ಜೆ ಮುಂಚಿನದು. ಹಾಲ್‌ನಲ್ಲಿ ಮಗು ಕೈಯಿಂದ ಕೈಗೆ ಹೋಗುತ್ತಿತ್ತು.

“ಕಣ್ಣು ವಿನುತಾದೇ. ಮೂಗು ಮಾತ್ರ ಅವರ ಕಡೆದು.”

“ಸಾಕ್ಸ್ ಹಾಕಿಲ್ವಲ್ಲ, ಅಯ್ಯೋ, ಕಾಲು ನೋಡಿ ಎಷ್ಟು ತಣ್ಣಗಿದೆ.”

“ಕ್ಯಾನ್ ವೀ ಗೋ ನೌ?” ಇದು ಸೋಫಾದ ಮೂಲೆಯಲ್ಲಿದ್ದ, ಒಬ್ಬರ ಹನ್ನೆರಡು ವರ್ಷದ ಮಗಳು. ಪರಿಸ್ಥಿತಿಯನ್ನು ಅರ್ಥ ಮಾಡಿಕೊಂಡಿದ್ದವಳು ಅವಳೊಬ್ಬಳೇ.

ಅತ್ತೆ ಜಾಕೆಟ್ ತೆಗೆಯಲಿಲ್ಲ. ಹಾಲ್‌ಗೆ ಹೋದರು. ನಾನು ಕಾಯುತ್ತಿದ್ದ ಆ ದನಿ ಬರಲಿಲ್ಲ. ಇವರು ಅವರ ಗೆಳತಿಯರು, ಗೆಳತಿಯರಿಗೆ ಡ್ರಿಲ್ ಮಾಡಿಸಲಾಗದು. ಅವರು ಮಗುವನ್ನು ಎತ್ತಿಕೊಂಡು ನನ್ನ ಕೈಗೆ ಕೊಟ್ಟರು. ದೇವರ ಕೋಣೆಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದರು.

“ಬಂದಿದ್ದು ಭಾಳ ಛಲೋ ಆತು ನೋಡ್ರಿ. ಕುಂಕುಮಾ ತಗೋರಿ.”

ಕುಂಕುಮ ಕೊಟ್ಟರೆಂದರೆ ಏಳಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಬಂದವರು ಅರ್ಧ ಕುಡಿದ ಚಹಾ ಕೆಳಗಿಟ್ಟು ಹಣೆ ಮುಂದೆ ಮಾಡಿದರು. ಅಷ್ಟರಲ್ಲಿ ಬೆಲ್ ಆಯಿತು. ಇನ್ನೊಬ್ಬರು, ಕೈಯಲ್ಲಿ ಫ್ರಾಕ್. ಕೋಟಿನ ಗುಂಡಿ ಬಿಚ್ಚುವ ಮೊದಲೇ ಅವರಿಗೂ ಬಾಗಿಲಲ್ಲೇ ಕುಂಕುಮ ಆಯಿತು. ಬಂದದ್ದಕ್ಕೋ ಹೋಗುವುದಕ್ಕೋ ಎಂದು ಅವರಿಗೆ ತಿಳಿಯಲಿಲ್ಲ. ಹೋದರು.

ಬಾಗಿಲು ಹಾಕಿದ ಮೇಲೆ ಅತ್ತೆ ಅಕ್ಕನ ಕೈಯಿಂದ ಚಹಾ ಸೋಸುವ ಜರಡಿ ತೆಗೆದುಕೊಂಡರು.

“ನಾನ ಹಾಕಿದ್ದೆ ಮೆಸೇಜ್” ಎಂದರು.

“ಗೊತ್ತು ಅತ್ತೆ. ಎಲ್ಲರೂ ಹೇಳಿದ್ರು.”

“ಹೇಳಬೇಕಿತ್ತಲ್ಲವಾ ನನಗ.”

“ಹ್ಞೂಂ.” ಅಕ್ಕ ಅಷ್ಟು ಹೇಳಿ ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತಳು. ನೋಡಲು ಅತ್ತೆಯೂ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಅವರು ಸಿಂಕ್ ಕಡೆ ತಿರುಗಿದರು. ನಾನು ಮಗುವನ್ನು ಅವಳ ಮಡಿಲಿಗೆ ಹಾಕಿ, ಶೂ ಜೋಡಿಸುವ ನೆಪದಲ್ಲಿ ಹೊರಗೆ ಹೋದೆ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಮಹಡಿಯಲ್ಲಿ ಸದ್ದಿರಲಿಲ್ಲ. ಅಕ್ಕ ಮಲಗಿದ್ದಳು, ಮಗುವೂ. ಅತ್ತೆ ಊಟದ ಮೇಜಿನ ಕುರ್ಚಿಯೊಂದನ್ನು ಬಾಗಿಲ ಬಳಿ ಹಾಕಿಕೊಂಡು ಕುಳಿತಿದ್ದರು. ಗುಂಪಿಗೆ ಮೆಸೇಜ್ ಹಾಕಿಯಾಗಿತ್ತು, ನಲವತ್ತು ದಿನ ತುಂಬುವವರೆಗೆ ಯಾರೂ ಬರುವುದು ಬೇಡ ಎಂದು. ಆದರೂ ಗಸ್ತು ಇರಲಿ ಎಂದು ಕುಳಿತಿದ್ದರು.

ನನಗೆ ರೈಲಿಗೆ ಹೊತ್ತಾಗಿತ್ತು. ಹೋಗಿ ಬರುತ್ತೇನೆ ಎಂದು ಅಕ್ಕನಿಗೆ ಹೇಳಲು, ಮಗುವನ್ನು ಒಮ್ಮೆ ನೋಡಲು, ಮೆಟ್ಟಿಲ ಮೇಲೆ ಕಾಲಿಟ್ಟೆ.

“ಎಲ್ಲಿಗೆ?”

“ಒಂದು ಸಲ ನೋಡಿ ಬರ್ತೀನಿ.”

ಅತ್ತೆ ನನ್ನನ್ನೇ ನೋಡಿದರು. ಪ್ರತಿ ಶುಕ್ರವಾರ ಬರುವವಳು ನಾನು. ಸಹಾಯಕ್ಕೆಂದು ಬರುವವಳು. ಮಲಗಿದ ಮಗುವನ್ನು ಎತ್ತಿಕೊಂಡದ್ದು ನಾನೂ ಹೌದು. ಕಾಲು ಕೆಳಗಿಳಿಸಿದೆ.

ಅವರು ಎದ್ದು ತೊಳೆದ ಸ್ಟೀಲ್ ಡಬ್ಬಿ ತಂದರು. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ಒಳಗೆ ಐದು ಉಂಡೆ ಇಟ್ಟಿದ್ದರು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಶಬನಮ್ ಆಪಾ ಮನೆ. ಕರ್ಟನ್ ಎಳೆದಿತ್ತು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿರಬೇಕು. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟೆ. ಇಷ್ಟು ಚೆನ್ನಾಗಿ ಬೆಳೆಸಿದ್ದಾರೆ ನಮ್ಮನ್ನು, ಬೆರಳು ತಾನಾಗಿಯೇ ಬೆಲ್ ಕಡೆ ಹೋಯಿತು.

ಒನ್ ಸ್ಟೆಪ್ ಬ್ಯಾಕ್ ಎಂದುಕೊಂಡೆ. ಒಂದು ಹೆಜ್ಜೆ ಹಿಂದೆ ಇಟ್ಟೆ. ಇನ್ನೊಂದು ಇಟ್ಟೆ.